ಕುರುವಗಡ್ಡೆ: ಕೃಷ್ಣೆಯ ಕವಲುಗಳ ನಡುವಿನ ಊರು

ರಾಯಚೂರು ನಗರದಿಂದ ಈಶಾನ್ಯಕ್ಕೆ ಸುಮಾರು 30 ಕಿಲೋಮೀಟರ್ ಸಾಗಿದರೆ ಆತ್ಕೂರಿನ ಬಳಿ ಕೃಷ್ಣಾ ನದಿಯ ದಂಡೆ ಸಿಗುತ್ತದೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಎದುರಿಗೆ ನೀರು, ನೀರಿನಾಚೆ ಮರಗಳ ಒಂದು ಹಸಿರು ಗೆರೆ, ಆ ಮರಗಳ ನಡುವೆ ಗುಡಿ. ಅದನ್ನು ಆಚೆ ದಡವೆಂದು ತಿಳಿದರೆ ಅದು ತಪ್ಪು. ನಿಜವಾದ ಆಚೆ ದಡ ಇನ್ನೊಂದು ಕವಲಿನ ಆಚೆಗಿದೆ, ಮತ್ತು ಅದು ತೆಲಂಗಾಣ. ನಡುವೆ ಕಾಣುವುದು ಕುರುವಗಡ್ಡೆ. ಕರ್ನಾಟಕದ ಭೂಪಟದಲ್ಲಿ ಹುಡುಕಿದರೂ ಸುಲಭವಾಗಿ ಕಣ್ಣಿಗೆ ಬೀಳದ ಈ ಪುಟ್ಟ ಊರು ಪುಣೆ, ಕೊಲ್ಲಾಪುರ, ನಾಗಪುರಗಳ ಸಾವಿರಾರು ಮನೆಗಳಲ್ಲಿ ಕುರವಪುರ ಎಂಬ ಹೆಸರಿನಿಂದ ಚಿರಪರಿಚಿತ. ರಾಯಚೂರಿನವರಿಗೆ ಮಾತ್ರ ಇದು ಮಳೆಗಾಲದಲ್ಲಿ, ಪ್ರವಾಹದ ಸುದ್ದಿಯಲ್ಲಿ ನೆನಪಾಗುವ ಊರು.

ಹೆಸರಿನಿಂದಲೇ ಆರಂಭಿಸಬಹುದು. ಕುರುವ ಎಂದರೆ ಹಳೆಯ ಕನ್ನಡದಲ್ಲಿ ನಡುಗಡ್ಡೆ. ಈ ಪದ ಬಯಲುಸೀಮೆಯ ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿದ್ದರೂ ಉತ್ತರ ಕನ್ನಡದ ಕರಾವಳಿಯಲ್ಲಿ ಇನ್ನೂ ಜೀವಂತವಾಗಿದೆ. ಅಘನಾಶಿನಿಯ ಐಗಳಕುರ್ವೆ, ಶರಾವತಿಯ ಮಾವಿನಕುರ್ವೆ ಎಲ್ಲವೂ ನೀರು ಸುತ್ತುವರಿದ ಊರುಗಳೇ. ರಾಯಚೂರು ಸೀಮೆಯ ಜನ ನಡುಗಡ್ಡೆಗೆ ಗಡ್ಡಿ ಅಥವಾ ಗಡ್ಡೆ ಎನ್ನುತ್ತಾರೆ. ಕುರುವ ಎಂಬುದರ ಅರ್ಥ ಮರೆತ ಮೇಲೆ ಅದಕ್ಕೆ ಗಡ್ಡೆ ಸೇರಿರಬೇಕು. ಹೀಗೆ ಊರಿನ ಹೆಸರೇ ತಾನು ನಡುಗಡ್ಡೆಯೆಂದು ಎರಡು ಸಲ ಹೇಳುತ್ತದೆ. ಕೌರವರ ಮೂಲಪುರುಷ ಕುರುರಾಜ ಇಲ್ಲಿ ತಪಸ್ಸು ಮಾಡಿದ್ದರಿಂದ ಆ ಹೆಸರು ಬಂತೆಂಬ ಐತಿಹ್ಯವೂ ಇದೆ. ಕಣ್ಣೆದುರಿಗೆ ನದಿಯೇ ಸಾಕ್ಷಿ ಹೇಳುತ್ತಿರುವಾಗ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ.

ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂದು ಅರ್ಥ. ದಕ್ಷಿಣದಲ್ಲಿ ಸಿಂಧನೂರು, ಮಾನ್ವಿಗಳ ಅಂಚಿನಲ್ಲಿ ತುಂಗಭದ್ರೆ ಹರಿದರೆ, ಉತ್ತರದಲ್ಲಿ ಲಿಂಗಸುಗೂರು, ದೇವದುರ್ಗಗಳ ಅಂಚನ್ನು ಹಿಡಿದು ಕೃಷ್ಣೆ ಬರುತ್ತಾಳೆ. ಎರಡು ನದಿಗಳ ದಂಡೆಯಲ್ಲೂ ಸಂತರ ಊರುಗಳಿವೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ನರಸಿಂಹನ ಕ್ಷೇತ್ರವಾದ ಕೊಪ್ಪರ ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಡದಲ್ಲಿದೆ. ಆದರೆ ಇವೆಲ್ಲ ದಂಡೆಯ ಊರುಗಳು. ಕುರುವಗಡ್ಡೆ ನದಿಯ ಒಳಗಿನ ಊರು.

ನದಿಯೊಳಗೆ ಊರು ಹೇಗೆ ನಿಂತಿತು? ರಾಯಚೂರು ಸೀಮೆಯ ತಳಪಾಯ ಪುರಾತನವಾದ ಕಣಶಿಲೆ, ಅಂದರೆ ಗ್ರಾನೈಟು ಜಾತಿಯ ಗಟ್ಟಿ ಬಂಡೆ. ಮೆದುವಾದ ಮಣ್ಣಿನಲ್ಲಿ ನದಿ ತನ್ನ ಪಾತ್ರವನ್ನು ಆಳವಾಗಿ ಕೊರೆದುಕೊಂಡು ಒಂದೇ ಧಾರೆಯಾಗಿ ಸಾಗಬಲ್ಲದು. ಇಂಥ ಬಂಡೆಯ ಮೇಲೆ ಅದು ಸಾಧ್ಯವಿಲ್ಲ. ಬಂಡೆಯಲ್ಲಿ ಬಿರುಕಿದ್ದ ಕಡೆ ನುಗ್ಗಿ, ಇಲ್ಲದ ಕಡೆ ಬಳಸಿ, ನದಿ ಹಲವು ಕವಲುಗಳಾಗಿ ಅಗಲವಾಗಿ ಹರಡುತ್ತದೆ. ಕವಲುಗಳ ನಡುವೆ ಎತ್ತರದಲ್ಲಿ ಉಳಿದ ಬಂಡೆಗಳಿಗೆ ಪ್ರತಿ ಪ್ರವಾಹವೂ ಒಂದಿಷ್ಟು ಮೆಕ್ಕಲು ಮಣ್ಣನ್ನು ತಂದು ಆನಿಸುತ್ತದೆ. ಮಣ್ಣು ನಿಂತಲ್ಲಿ ಹುಲ್ಲು, ಹುಲ್ಲು ನಿಂತಲ್ಲಿ ಮರ, ಮರ ನಿಂತಲ್ಲಿ ಮನುಷ್ಯ. ಸುತ್ತಲ ಬಯಲು ಬೇಸಿಗೆಯಲ್ಲಿ ಕಾದ ಹಂಚಿನಂತಾದಾಗಲೂ ಗಡ್ಡೆಯ ಹೊಲಕ್ಕೆ ಮೊಗೆದು ಹಾಕುವಷ್ಟು ಹತ್ತಿರದಲ್ಲಿ ನೀರಿರುತ್ತದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ರೈತನಿಗೆ ಬೇರೇನಿದೆ? ಪ್ರವಾಹದ ಭಯವಿದ್ದೂ ಜನ ಇಲ್ಲಿ ನೆಲೆನಿಂತದ್ದು, ಎಷ್ಟು ಹೇಳಿದರೂ ಬಿಟ್ಟು ಬರಲು ಒಪ್ಪದಿರುವುದು ಈ ಕಾರಣಕ್ಕೇ.

ಕುರುವಗಡ್ಡೆ ಒಂಟಿಯಲ್ಲ. ಆಸುಪಾಸಿನಲ್ಲೇ ಕುರ್ವಕಲಾ, ಕುರ್ವಖುರ್ದ ಎಂಬ ಗಡ್ಡೆಗಳಿವೆ. ಇವು ನಿಜಾಮರ ಕಾಲದ ಕಂದಾಯ ದಫ್ತರದ ಹೆಸರುಗಳು. ಪಾರಸಿಯಲ್ಲಿ ಕಲಾನ್ ಎಂದರೆ ದೊಡ್ಡದು, ಖುರ್ದ್ ಎಂದರೆ ಚಿಕ್ಕದು. ಕನ್ನಡದ ಕುರುವಕ್ಕೆ ಪಾರಸಿ ಬಾಲ ಸೇರಿ ದೊಡ್ಡಕುರುವ, ಚಿಕ್ಕಕುರುವಗಳು ಹೀಗಾಗಿವೆ. ಚನ್ನಬಸವೇಶ್ವರನ ಸನ್ನಿಧಿಯಿರುವ ನಾರದಗಡ್ಡೆ ಇನ್ನೊಂದು. ಹೀಗೆ ದತ್ತ ಸಂಪ್ರದಾಯದ ಕ್ಷೇತ್ರವೂ ವೀರಶೈವ ಕ್ಷೇತ್ರವೂ ಒಂದೇ ನದಿಯ ಗಡ್ಡೆಗಳಲ್ಲಿ ನೆರೆಹೊರೆಯಾಗಿವೆ. ನದಿಯ ಮೇಲ್ಭಾಗದಲ್ಲಿ, ಲಿಂಗಸುಗೂರು ತಾಲ್ಲೂಕಿನಲ್ಲಿ, ಆದಿಲಶಾಹಿ ಕಾಲದ ಕೋಟೆಯುಳ್ಳ ಜಲದುರ್ಗವಿದೆ. ಅಲ್ಲಿ ನೀರೇ ಕಂದಕವಾಗಿ ಸೈನಿಕರನ್ನು ಕಾಯಿತು. ಇಲ್ಲಿ ಅದೇ ನೀರು ಏಕಾಂತ ಬಯಸಿದ ಸನ್ಯಾಸಿಗೆ ನೆರವಾಯಿತು.

ಆ ಸನ್ಯಾಸಿ ಶ್ರೀಪಾದ ಶ್ರೀವಲ್ಲಭರು. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಇವರ ಕಾಲ 14ನೇ ಶತಮಾನವೆಂದು ಸಂಪ್ರದಾಯ ಹೇಳುತ್ತದೆ. ಹುಟ್ಟಿದ್ದು ಆಂಧ್ರದ ಕರಾವಳಿಯ ಪೀಠಾಪುರದಲ್ಲಿ. ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು, ತೀರ್ಥಯಾತ್ರೆ ಮಾಡುತ್ತ ಕೊನೆಗೆ ಈ ಗಡ್ಡೆಗೆ ಬಂದು ನೆಲೆಸಿದರು. ಆಶ್ವಯುಜ ಬಹುಳ ದ್ವಾದಶಿಯಂದು ಕೃಷ್ಣೆಯ ನೀರಿನಲ್ಲಿ ಅದೃಶ್ಯರಾದರು ಎಂಬುದು ಕಥೆ. ದೀಪಾವಳಿಗೆ ಮುಂಚೆ ಬರುವ ಆ ದಿನವನ್ನು ಗುರುದ್ವಾದಶಿಯೆಂದು ಆಚರಿಸುತ್ತಾರೆ. ಸಮಾಧಿಯೇ ಇಲ್ಲದ ಕ್ಷೇತ್ರ ಇದು. ಗುಡಿಯಲ್ಲಿ ಪೂಜೆಗೊಳ್ಳುವುದು ಪಾದುಕೆಗಳು.

ಇವರ ವಿಷಯ ನಮಗೆ ಮುಖ್ಯವಾಗಿ ತಿಳಿಯುವುದು ಮರಾಠಿಯ 'ಗುರುಚರಿತ್ರೆ'ಯಿಂದ. ಈ ಗ್ರಂಥದ ಕರ್ತೃ ಸರಸ್ವತೀ ಗಂಗಾಧರನ ಮನೆತನ ಇಂದಿನ ಕಲಬುರಗಿ ಜಿಲ್ಲೆಯ ಕಡಗಂಚಿಯದು. ಮರಾಠಿ ತನಗೆ ಸರಿಯಾಗಿ ಬರುವುದಿಲ್ಲವೆಂಬ ಅರ್ಥದ ಮಾತನ್ನು ಅವನು ಗ್ರಂಥದಲ್ಲೇ ಹೇಳಿಕೊಂಡಿರುವುದರಿಂದ ಅವನ ಮನೆಮಾತು ಕನ್ನಡವಾಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಕನ್ನಡ ನಾಡಿನ ಒಬ್ಬ ಮಹಾರಾಷ್ಟ್ರದ ಮನೆಮನೆಯ ಪಾರಾಯಣ ಗ್ರಂಥವನ್ನು ಬರೆದ. ಆ ಗ್ರಂಥ ಕನ್ನಡ ನಾಡಿನ ಎರಡು ನದೀತೀರಗಳನ್ನು, ಕೃಷ್ಣೆಯ ಕುರವಪುರವನ್ನೂ ಭೀಮೆಯ ಗಾಣಗಾಪುರವನ್ನೂ, ಮರಾಠಿಗರ ಯಾತ್ರಾಸ್ಥಳಗಳನ್ನಾಗಿ ಮಾಡಿತು. ಭಾಷಾವಾರು ಗಡಿಗಳ ಜಗಳದಲ್ಲಿ ಬೆಳೆದ ಕಾಲಕ್ಕೆ ಇದು ವಿಚಿತ್ರವೆನಿಸಿದರೂ ಆ ಕಾಲಕ್ಕೆ ಸಹಜವಾಗಿತ್ತು.

ಗುರುಚರಿತ್ರೆಯಲ್ಲಿ ಕುರವಪುರದ ಕಥೆಗಳೆಲ್ಲ ನದಿಯ ಕಥೆಗಳೇ. ಮಂದಬುದ್ಧಿಯ ಮಗನನ್ನು ಕಟ್ಟಿಕೊಂಡು ಊರವರ ನಗೆಪಾಟಲಿಗೆ ಈಡಾದ ತಾಯಿ ಅವನೊಡನೆ ಹೊಳೆಗೆ ಹಾರಲು ಬರುತ್ತಾಳೆ. ಶ್ರೀಪಾದರು ತಡೆದು ಮಗನಿಗೆ ವಿದ್ಯೆ ಕರುಣಿಸುತ್ತಾರೆ. ಮುಂದಿನ ಜನ್ಮದಲ್ಲಿ ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟುವವರೇ ಗಾಣಗಾಪುರದ ನೃಸಿಂಹ ಸರಸ್ವತಿಗಳು. ಇನ್ನೊಂದು ಕಥೆ ಅಗಸನದು. ದಿನವೂ ದೂರದಿಂದ ನಮಸ್ಕರಿಸಿ ಅಂಗಳ ಗುಡಿಸುತ್ತಿದ್ದ ಅವನು ಒಮ್ಮೆ ಯವನ ರಾಜನೊಬ್ಬ ಪರಿವಾರದೊಂದಿಗೆ ನದಿಯಲ್ಲಿ ವಿಹರಿಸುವುದನ್ನು ಬೆರಗಿನಿಂದ ನೋಡುತ್ತಾನೆ. ಆ ವೈಭವ ಬೇಕೆ ಎಂದು ಗುರು ಕೇಳುತ್ತಾರೆ. ಆಸೆಯಾಯಿತೆಂದು ಅಗಸ ಮುಚ್ಚಿಡದೆ ಹೇಳುತ್ತಾನೆ. ಮರುಜನ್ಮದಲ್ಲಿ ಅವನು ಬೀದರದ ಬಾದಶಹನಾಗಿ ಹುಟ್ಟಿ, ತೊಡೆಯ ಮೇಲೆದ್ದ ಹುಣ್ಣಿನಿಂದ ನರಳಿ, ನೃಸಿಂಹ ಸರಸ್ವತಿಗಳ ಬಳಿ ಬರುತ್ತಾನೆ. ಕಥೆಯನ್ನು ಕಥೆಯಾಗಿಯೇ ತೆಗೆದುಕೊಂಡರೂ ಅದರೊಳಗಿನ ಕಾಲದ ಲೆಕ್ಕ ಸ್ವಾರಸ್ಯಕರ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಹೋದದ್ದು 15ನೇ ಶತಮಾನದ ಮೊದಲರ್ಧದಲ್ಲಿ. 14ನೇ ಶತಮಾನದ ಅಗಸ ಮರುಜನ್ಮದಲ್ಲಿ ಬೀದರದ ದೊರೆಯಾಗುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಕುರವಪುರದಲ್ಲಿ ಸಂತರ್ಪಣೆಯ ಹರಕೆ ಹೊತ್ತು ಹಣದೊಂದಿಗೆ ಬರುತ್ತಿದ್ದ ವಲ್ಲಭೇಶನೆಂಬ ವ್ಯಾಪಾರಿಯನ್ನು ಕಳ್ಳರು ದಾರಿಯಲ್ಲಿ ಕೊಂದ ಕಥೆಯೂ ಇದೆ. ಗುರುವಿನ ಕೃಪೆಯಿಂದ ಅವನು ಬದುಕಿದನಂತೆ. ಆ ಕಾಲದಲ್ಲಿ ಎಡೆದೊರೆ ನಾಡಿನ ಹಾದಿಗಳು ಹೇಗಿದ್ದವೆಂಬುದಕ್ಕೂ ಇದು ಒಂದು ದಾಖಲೆ.

ಮುಂದೆ ಶತಮಾನಗಳ ಕಾಲ ಈ ಊರು ಹೆಚ್ಚು ಸದ್ದಿಲ್ಲದೆ ಉಳಿಯಿತು. ಅದಕ್ಕೆ ಮತ್ತೆ ಹೊಸ ಹೆಸರು ತಂದವರು ಟೆಂಬೆ ಸ್ವಾಮಿಗಳೆಂದು ಪ್ರಸಿದ್ಧರಾದ ವಾಸುದೇವಾನಂದ ಸರಸ್ವತಿಗಳು. ಕೊಂಕಣದ ಮಾಣಗಾಂವಿನಲ್ಲಿ 1854ರಲ್ಲಿ ಹುಟ್ಟಿ, ಬರಿಗಾಲಲ್ಲಿ ದೇಶ ಸುತ್ತಿ, 1914ರಲ್ಲಿ ನರ್ಮದೆಯ ದಡದ ಗರುಡೇಶ್ವರದಲ್ಲಿ ದೇಹ ಬಿಟ್ಟ ಈ ಯತಿಗಳು ಕುರುವಗಡ್ಡೆಯಲ್ಲಿ ಚಾತುರ್ಮಾಸ್ಯಕ್ಕೆ ನಿಂತರು. ದತ್ತಭಕ್ತರು ಇಂದಿಗೂ ನಿತ್ಯ ಹೇಳುವ 'ಘೋರಕಷ್ಟೋದ್ಧಾರಣ ಸ್ತೋತ್ರ'ವನ್ನು 1911ರಲ್ಲಿ ಇಲ್ಲಿಯೇ ರಚಿಸಿದರು. ಚಾತುರ್ಮಾಸ್ಯವೆಂದರೆ ಮಳೆಗಾಲ, ನದಿ ತುಂಬಿ ಹರಿಯುವ ತಿಂಗಳುಗಳು. ಕಷ್ಟದಿಂದ ಪಾರುಮಾಡೆಂದು ಬೇಡುವ ಸ್ತೋತ್ರ ಹುಟ್ಟಲು ಇದಕ್ಕಿಂತ ತಕ್ಕ ಕಾಲವೂ ಜಾಗವೂ ಸಿಗಲಾರದು.

ನೋಡುವವರಿಗೆ ಇಲ್ಲಿ ಶಿಲ್ಪವೈಭವವೇನೂ ಇಲ್ಲ. ಗಬ್ಬೂರಿನ ಗುಡಿಗಳನ್ನೋ ರಾಯಚೂರು ಕೋಟೆಯನ್ನೋ ನೋಡಿ ಬಂದ ಕಣ್ಣಿಗೆ ಗುಡಿ ಸಾದಾ ಎನಿಸುತ್ತದೆ. ಪಾದುಕೆಗಳ ಸನ್ನಿಧಿ, ಪ್ರದಕ್ಷಿಣೆಯ ಹಾದಿ, ಔದುಂಬರ ವೃಕ್ಷ, ನದಿಗಿಳಿಯುವ ದಾರಿ, ಟೆಂಬೆ ಸ್ವಾಮಿಗಳು ತಪಸ್ಸಿಗೆ ಕುಳಿತಿದ್ದ ಗುಹೆ ಇಷ್ಟೇ. ನಿಜವಾಗಿ ನೋಡಬೇಕಾದದ್ದು ಇಲ್ಲಿನ ಆಲದ ಮರ. ಬಿಳಲು ಇಳಿಬಿಟ್ಟು, ಬಿಳಲೇ ಕಾಂಡವಾಗಿ, ಮೂಲ ಯಾವುದು ಕೊನೆ ಯಾವುದು ಎಂದು ತಿಳಿಯದಂತೆ ಹರಡಿರುವ ಈ ಮರದ ಕೆಳಗೆ ಕುಳಿತರೆ ಸುತ್ತಲಿನ ಸುಡುಬಿಸಿಲಿನ ಬಯಲು ಯಾವುದೋ ಬೇರೆ ಲೋಕವೆನಿಸುತ್ತದೆ. ಯಾತ್ರಿಕರಿಗೆ ಊಟ, ವಸತಿಗಳನ್ನು ನೋಡಿಕೊಳ್ಳುವವರು ಇಲ್ಲಿನ ಅರ್ಚಕರ ಮನೆತನದವರೇ. ಅಂಗಡಿ ಬೀದಿಯ ಗದ್ದಲವಿಲ್ಲ. ಇನ್ನೊಂದು ದಡದಲ್ಲಿ, ತೆಲಂಗಾಣದ ಮಕ್ತಲ್ ಕಡೆಯ ಪಂಚದೇವಪಹಾಡದಲ್ಲಿ, ಶ್ರೀಪಾದರು ದರ್ಬಾರು ನಡೆಸುತ್ತಿದ್ದರೆಂದು ಹೇಳುವ ಸ್ಥಳವಿದೆ. ಯಾತ್ರಿಕರು ಎರಡನ್ನೂ ನೋಡಿ ಹೋಗುತ್ತಾರೆ. ಕಡು ಬೇಸಿಗೆಯಲ್ಲಿ ನೀರಿಳಿದಾಗ ನದಿಯ ಬಂಡೆಗಳು ಬೆನ್ನು ತೋರಿಸುತ್ತವೆ. ಸಾವಿರಾರು ವರ್ಷ ನೀರು ತಿಕ್ಕಿ ನುಣುಪಾಗಿಸಿದ ಅವುಗಳ ಮೇಲೆ ನಡೆಯುವುದು ಹಿತಕರ. ಆದರೆ ಮಡುವಿಗಿಳಿಯುವ ಮುನ್ನ ಊರವರನ್ನು ಕೇಳುವುದು ಲೇಸು, ಈ ಹೊಳೆಯಲ್ಲಿ ಮೊಸಳೆಗಳಿವೆ.

ಗಡ್ಡೆಗೆ ತಲೆಮಾರುಗಳಿಂದ ದಾಟಿಸಿದ್ದು ಹರಿಗೋಲು. ತೆಲುಗು ಬೆರೆತ ಈ ಸೀಮೆಯಲ್ಲಿ ಅದನ್ನು ಪುಟ್ಟಿ ಎಂದೂ ಕರೆಯುತ್ತಾರೆ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮೂತಿಯೂ ಇಲ್ಲ, ಬಾಲವೂ ಇಲ್ಲ. ದೋಣಿಯಂತೆ ನೀರನ್ನು ಸೀಳಿ ಹೋಗುವುದರ ಬದಲು ಅದು ತಿರುಗುತ್ತ ತೇಲುತ್ತದೆ. ಬಂಡೆಗಳಿಂದ ತುಂಬಿದ ಈ ನದಿಗೆ ಅದೇ ಸರಿ. ಮರದ ದೋಣಿಯ ತಳ ಬಂಡೆಗೆ ಬಡಿದರೆ ಒಡೆಯುತ್ತದೆ, ಬುಟ್ಟಿ ಬಾಗಿ ಜಾರಿಕೊಳ್ಳುತ್ತದೆ. ಆದರೆ ಸೆಳವು ಹೆಚ್ಚಾದರೆ, ಜನ ಒಂದೇ ಮಗ್ಗುಲಿಗೆ ವಾಲಿದರೆ, ಅದೇ ಬುಟ್ಟಿ ಮಗುಚುವುದಕ್ಕೆ ಕ್ಷಣ ಸಾಕು. ಅಂಬಿಗ ಸೆಳವಿಗೆ ಎದುರಾಗಿ ಮೊದಲು ದಂಡೆಯ ಗುಂಟ ಸಾಕಷ್ಟು ಮೇಲಕ್ಕೆ ಹೋಗಿ, ಆಮೇಲೆ ನೀರಿನ ಜೊತೆ ಓರೆಯಾಗಿ ಇಳಿಯುತ್ತ ಗಡ್ಡೆ ಮುಟ್ಟಿಸುತ್ತಾನೆ. ನೇರವಾಗಿ ದಾಟುವವನು ಅಂಬಿಗನೇ ಅಲ್ಲ.

ಈ ನೀರಿನ ಗುಣ ಅರಿಯದೆ ಕೆಟ್ಟವರಲ್ಲಿ ಅರಸರೂ ಇದ್ದಾರೆ. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನೊಡನೆ ಯುದ್ಧಕ್ಕೆ ಬಂದ ಬಿಜಾಪುರದ ಇಸ್ಮಾಯಿಲ್ ಆದಿಲಶಹ, ಸಾಕಷ್ಟು ಸಿದ್ಧತೆಯಾಗುವ ಮುನ್ನವೇ ಮದ್ಯದ ಅಮಲಿನಲ್ಲಿ ಆನೆ, ತೆಪ್ಪಗಳ ಮೇಲೆ ಸೈನ್ಯದ ಒಂದು ಭಾಗವನ್ನು ಕೃಷ್ಣೆ ದಾಟಿಸಿದನೆಂದು ಫೆರಿಶ್ತಾ ಬರೆದಿದ್ದಾನೆ. ಸೋತು ಹಿಂದಿರುಗುವಾಗ ದಾಟಲು ನೆಲೆಯಿಲ್ಲದೆ ಸತ್ತವರು ಬಹಳ. ಆದಿಲಶಹನ ಸೈನಿಕರು ಗುಂಪುಗುಂಪಾಗಿ ನದಿಗೆ ಬಿದ್ದು ಮುಳುಗಿದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಕೂಡ ವರ್ಣಿಸಿದ್ದಾನೆ.

ಅರಸರ ಗಡಿ ಸಾಗಿದ ಹಾಗೆಲ್ಲ ಗಡ್ಡೆಯ ಒಡೆತನವೂ ಬದಲಾಯಿತು. ಬಿಜಾಪುರದ ನಂತರ ಮೊಗಲರು, ಅವರ ನಂತರ ಹೈದರಾಬಾದಿನ ನಿಜಾಮರು. ಸಾಲದ ಬಾಬ್ತಿಗೆ ನಿಜಾಮ 1853ರಲ್ಲಿ ರಾಯಚೂರು ದೋಆಬನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. 1860ರಲ್ಲಿ ಅದು ಮರಳಿ ಬಂತು. ಆ ಏಳು ವರ್ಷ ಬಿಟ್ಟರೆ ನದಿಯ ಎರಡೂ ದಡ ಒಂದೇ ಸರ್ಕಾರದವು. ಮಕ್ತಲ್ ಸಂತೆಗೆ ಹೋಗುವುದೂ ರಾಯಚೂರು ಸಂತೆಗೆ ಹೋಗುವುದೂ ಒಂದೇ ಆಗಿತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ರಾಯಚೂರು ಮೈಸೂರಿಗೆ ಸೇರಿತು, ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಹೋದವು, ಮಕ್ತಲ್ ಸೀಮೆಯೂ ಆಂಧ್ರದಲ್ಲಿ ಉಳಿಯಿತು. ಕೃಷ್ಣೆ ಇಲ್ಲಿ ರಾಜ್ಯದ ಗಡಿಯಾಯಿತು. 2014ರಲ್ಲಿ ಎದುರು ದಡ ತೆಲಂಗಾಣವಾಯಿತು. ಗಡ್ಡೆಯ ಜನರ ಕಿರಾಣಿ, ಬೀಗತನ ಮಾತ್ರ ಎರಡೂ ದಡಗಳಲ್ಲಿ ಮೊದಲಿನಂತೆಯೇ ನಡೆದಿವೆ.

ದಾಟುವ ಮಾತಿಗೆ ಬಂದರೆ ಒಂದು ವಿಪರ್ಯಾಸವನ್ನು ಗಮನಿಸಬೇಕು. ಮುಂಬಯಿ ಕಡೆಯಿಂದ ಬಂದ ರೈಲು ಹಾದಿ ಮದ್ರಾಸಿನ ಹಾದಿಯನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಅದಕ್ಕಾಗಿ ಕುರುವಗಡ್ಡೆಯ ಮೇಲ್ಭಾಗದಲ್ಲಿ, ದೇವಸೂಗೂರಿನ ಹತ್ತಿರ, ಇಡೀ ಕೃಷ್ಣೆಗೆ ಸೇತುವೆ ಕಟ್ಟಲಾಯಿತು. ಬಳಿಕ ಅಲ್ಲೇ ಪಕ್ಕದಲ್ಲಿ ನಿಜಾಮ ಸರ್ಕಾರ ರಸ್ತೆ ಸೇತುವೆ ಕಟ್ಟಿಸಿತು. 1985ರಿಂದ ಅದೇ ದಂಡೆಯ ಶಕ್ತಿನಗರದಲ್ಲಿ ಕೃಷ್ಣೆಯ ನೀರು ಕುಡಿದು ಶಾಖೋತ್ಪನ್ನ ಸ್ಥಾವರ ನಾಡಿಗೆಲ್ಲ ವಿದ್ಯುತ್ ಕೊಡತೊಡಗಿತು. ನದಿಯನ್ನೇ ದಾಟುವ ಸೇತುವೆಗೆ ಒಂದೂವರೆ ಶತಮಾನದ ವಯಸ್ಸು. ನದಿಯ ಒಂದು ಕವಲನ್ನು ದಾಟಲು ಗಡ್ಡೆಯವರಿಗೆ ಬುಟ್ಟಿ.

ನದಿಯೂ ಹಿಂದಿನ ನದಿಯಲ್ಲ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಎರಡೂ ರಾಯಚೂರಿನ ಉತ್ತರಕ್ಕೆ ಕೂಡುತ್ತವೆ. ಗಡ್ಡೆಗಳಿರುವುದು ಆ ಸಂಗಮದ ಕೆಳಗೆ. ಹಾಗಾಗಿ ಸಹ್ಯಾದ್ರಿಯ ಯಾವ ಮೂಲೆಯಲ್ಲಿ ಮಳೆ ಹುಚ್ಚೆದ್ದು ಸುರಿದರೂ ಅದರ ಪಾಲು ಇಲ್ಲಿಗೆ ಬರಲೇಬೇಕು. ರಾಯಚೂರಿನಲ್ಲಿ ಒಂದು ಹನಿ ಬೀಳದೆ, ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರತೊಡಗುವುದು ಹೊರಗಿನವರಿಗೆ ನಂಬಲಾಗದ ದೃಶ್ಯ. 1982ರಲ್ಲಿ ಮೇಲ್ಗಡೆ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ, ಮುಂದೆ ಆಲಮಟ್ಟಿಯೂ ಎದ್ದ ಮೇಲೆ, ನೆರೆಯ ಸಮಯವನ್ನು ಆಕಾಶದ ಜೊತೆಗೆ ಅಣೆಕಟ್ಟಿನ ಬಾಗಿಲುಗಳೂ ನಿರ್ಧರಿಸತೊಡಗಿದವು. ಕೆಳಗಡೆ 1990ರ ದಶಕದಲ್ಲಿ ಗದ್ವಾಲದ ಬಳಿ ಜುರಾಲ ಜಲಾಶಯ ಬಂತು. ಅದರ ಹಿನ್ನೀರು ರಾಯಚೂರು ತಾಲ್ಲೂಕಿನ ಜಮೀನುಗಳಿಗೆ ಚಾಚಿಕೊಂಡು, ಪರಿಹಾರದ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ವರ್ಷಗಟ್ಟಲೆ ತಕರಾರು ನಡೆಯಿತು. ಮೇಲೆ ಒಂದು ಅಣೆಕಟ್ಟು, ಕೆಳಗೆ ಒಂದು ಅಣೆಕಟ್ಟು, ನಡುವೆ ಗಡ್ಡೆಗಳು.

2009ರ ಅಕ್ಟೋಬರಿನ ಮಹಾಪೂರವನ್ನು ರಾಯಚೂರಿನವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ಕಿನ ಆಸುಪಾಸಿಗೆ ಹೋಯಿತು. ದೇವದುರ್ಗವನ್ನು ಶಹಾಪುರದ ಕಡೆಗೆ ಜೋಡಿಸುವ ಹೂವಿನಹೆಡಗಿ ಸೇತುವೆ, ಲಿಂಗಸುಗೂರು ಕಡೆಯ ಗಡ್ಡೆಗಳ ದಾರಿಯಾದ ಶೀಲಹಳ್ಳಿ ಸೇತುವೆ ಎರಡೂ ಇಂಥ ಹೊತ್ತಿನಲ್ಲಿ ನೀರಿನಡಿ ಮರೆಯಾಗುತ್ತವೆ. ಸೇತುವೆಯಿದ್ದವರ ಗತಿಯೇ ಹೀಗಾದರೆ ಇಲ್ಲದವರದು ಹೇಳಬೇಕಿಲ್ಲ. ನೆರೆ ಬರುವ ಸೂಚನೆ ಸಿಕ್ಕೊಡನೆ ಗಡ್ಡೆಯ ರೈತ ಮೊದಲು ಓಡುವುದು ಹೊಳೆದಂಡೆಯ ಪಂಪ್‌ಸೆಟ್ಟನ್ನು ಎತ್ತರಕ್ಕೆ ಎಳೆದುಕೊಳ್ಳಲು. ಆಮೇಲೆ ದನಕರು, ಕಾಳುಕಡಿ. ಮನುಷ್ಯರದು ಕೊನೆಗೆ. ಗಂಜಿಕೇಂದ್ರಕ್ಕೆ ಬನ್ನಿರೆಂದು ಅಧಿಕಾರಿಗಳು ಕರೆದರೂ ದನ ಬಿಟ್ಟು ಬರಲು ಒಪ್ಪದವರೇ ಹೆಚ್ಚು. ಹೆರಿಗೆ ಹತ್ತಿರವಾದ ಹೆಂಗಸರನ್ನು ಮುಂಚಿತವಾಗಿಯೇ ದಡದ ನೆಂಟರ ಮನೆಗೆ ಕಳಿಸುವುದು ಇಂಥ ಊರುಗಳ ಜಾಣತನ.

ಕುರ್ವಕಲಾ, ಕುರ್ವಖುರ್ದಗಳಿಗೆ ಸೇತುವೆ ಮಂಜೂರಾಗಿ, ಕೆಲಸವೂ ಆರಂಭವಾಗಿ, ವರ್ಷಗಟ್ಟಲೆ ಅರ್ಧಕ್ಕೇ ನಿಂತಿತು. 2020ರ ಆಗಸ್ಟಿನಲ್ಲಿ, ತೆಲಂಗಾಣದ ದಡಕ್ಕೆ ಹೋಗಿ ಸಾಮಾನು ಕೊಂಡು ಕುರ್ವಕಲಾಕ್ಕೆ ಮರಳುತ್ತಿದ್ದವರ ಹರಿಗೋಲು ತುಂಬಿದ ಹೊಳೆಯಲ್ಲಿ ಮಗುಚಿತು. ಕೆಲವರು ಈಜಿ ಪಾರಾದರು, ಕೆಲವರು ನೀರುಪಾಲಾದರು. ಅವರು ಹೋದದ್ದು ಜಾತ್ರೆಗಲ್ಲ, ಯಾತ್ರೆಗಲ್ಲ. ಮನೆಗೆ ಬೇಕಾದ ದಿನಸಿಗೆ.

ಯಾತ್ರಿಕರಿಗೆ ಕುರುವಗಡ್ಡೆ ಒಂದು ದಿನದ ಊರು. ನೆರೆ ಇಳಿದ ಮೇಲೆ, ಗುರುದ್ವಾದಶಿಯಿಂದ ಬೇಸಿಗೆಯ ಆರಂಭದವರೆಗಿನ ತಿಂಗಳುಗಳು ಹೋಗಲು ಒಳ್ಳೆಯವು. ಬೆಳಿಗ್ಗೆ ದಾಟಿ, ಪಾದುಕೆಯ ದರ್ಶನ ಮಾಡಿ, ಆಲದ ನೆರಳಲ್ಲಿ ಗುರುಚರಿತ್ರೆಯ ಒಂದೆರಡು ಅಧ್ಯಾಯ ಓದಿ, ಹೊತ್ತು ಮುಳುಗುವ ಮುನ್ನ ದಡ ಸೇರುತ್ತಾರೆ. ಸಂಜೆಯ ಕೊನೆಯ ಹರಿಗೋಲು ಆತ್ಕೂರಿನ ಕಡೆಗೆ ಹೊರಟಾಗ ಎದುರಿನಿಂದ ಇನ್ನೊಂದು ಬರುವುದುಂಟು. ಅದರಲ್ಲಿ ರಾಯಚೂರಿನ ಸಂತೆ ಮುಗಿಸಿದವರು, ಔಷಧದ ಚೀಟಿ ಹಿಡಿದವರು, ಹಿಟ್ಟಿನ ಚೀಲ, ಕೆಲವೊಮ್ಮೆ ಒಂದು ಮೋಟರ್ ಸೈಕಲ್ಲೂ ಇರುತ್ತದೆ.